ಐವತ್ತಾದ ಮೇಲೆ ಮಂಜುಗಡ್ಡೆಯ ಅಂಕಣಕ್ಕೆ

1924ರ ಜನವರಿಯಲ್ಲಿ ಫ್ರಾನ್ಸಿನ ಶಾಮೊನಿ ಎಂಬ ಬೆಟ್ಟದೂರಿನಲ್ಲಿ ಮೊಟ್ಟಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಅಲ್ಲಿ ಕರ್ಲಿಂಗ್ ಆಡಿದ ಸ್ವೀಡನ್ ತಂಡದ ಕಾರ್ಲ್ ಆಗಸ್ಟ್ ಕ್ರೋನ್‌ಲುಂಡ್ ಅವರಿಗೆ ಆಗ 58 ವರ್ಷ. ತಂಡಕ್ಕೆ ಬೆಳ್ಳಿ ಬಂತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಅತಿ ಹಿರಿಯ ಆಟಗಾರ ಎಂಬ ದಾಖಲೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಆ ಕೂಟದಲ್ಲಿ ಚಿನ್ನ ಗೆದ್ದ ಬ್ರಿಟನ್ ತಂಡದ ರಾಬಿನ್ ವೆಲ್ಷ್ ಅವರಿಗೂ 54 ಆಗಿತ್ತು.

ನಮ್ಮಲ್ಲಿ 58 ಎಂದರೆ ಬೇರೆಯೇ ಲೆಕ್ಕ. ಸೂರತ್ ಪಕ್ಕದ ಸಚಿನ್ ಕೈಗಾರಿಕಾ ವಸಾಹತಿನ ಬಟ್ಟೆ ಗಿರಣಿಯಲ್ಲಿ ದುಡಿಯುವವರಿರಲಿ, ಬೆಂಗಳೂರಿನ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರಿರಲಿ, ನೌಕರರ ಪಿಂಚಣಿ ಯೋಜನೆಯ ಪ್ರಕಾರ 58 ತುಂಬಿದರೆ ಪಿಂಚಣಿ ಶುರು. ಆಟ ಅದಕ್ಕಿಂತ ಎಷ್ಟೋ ಮೊದಲೇ ಕೈಬಿಟ್ಟಿರುತ್ತದೆ. ಆಮೇಲೆ ಉಳಿಯುವುದು ಬೆಳಗಿನ ವಾಕಿಂಗ್, ಯೋಗ, ಪಾರ್ಕಿನ ಕಲ್ಲುಬೆಂಚು. ಇವು ಆರೋಗ್ಯಕ್ಕೆ ಒಳ್ಳೆಯವೇ. ಆದರೆ ಅಲ್ಲಿ ಎದುರಾಳಿ ಇಲ್ಲ, ಅಂಕ ಇಲ್ಲ, ಕೊನೆಯ ಹೊಡೆತಕ್ಕೆ ಉಸಿರು ಬಿಗಿಹಿಡಿದು ಕಾಯುವುದಿಲ್ಲ. ಒಂದು ಕಾಲಕ್ಕೆ ಆಟಗಾರರಾಗಿದ್ದವರು ಹಂಬಲಿಸುವುದು ಇವುಗಳಿಗೇ.

ಆ ಹಂಬಲಕ್ಕೆ ಕರ್ಲಿಂಗ್ ಲೋಕ ಒಂದು ಪೂರ್ಣ ಪ್ರಮಾಣದ ವಿಶ್ವ ಚಾಂಪಿಯನ್‌ಷಿಪ್ಪನ್ನೇ ಕಟ್ಟಿಕೊಟ್ಟಿದೆ. ವಿಶ್ವ ಸೀನಿಯರ್ ಕರ್ಲಿಂಗ್ ಚಾಂಪಿಯನ್‌ಷಿಪ್ ಶುರುವಾದದ್ದು 2002ರಲ್ಲಿ, ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಬಿಸ್ಮಾರ್ಕ್ ನಗರದಲ್ಲಿ. ಕೋವಿಡ್ ಕಾಲದ ಎರಡು ವರ್ಷ ಬಿಟ್ಟರೆ ಅಂದಿನಿಂದ ಪ್ರತಿ ವರ್ಷ ನಡೆದುಕೊಂಡು ಬಂದಿದೆ. ಸ್ಕಾಟ್ಲೆಂಡಿನ ಡಂಫ್ರೀಸ್, ರಷ್ಯಾದ ಸೋಚಿ, ಕೆನಡಾದ ಲೆತ್‌ಬ್ರಿಜ್, ನಾರ್ವೆಯ ಸ್ಟವಾಂಗರ್, ಸ್ವಿಟ್ಜರ್ಲೆಂಡಿನ ಜಿನೀವಾ, ದಕ್ಷಿಣ ಕೊರಿಯಾದ ಗ್ಯಾಂಗ್‌ನಂಗ್ ಹೀಗೆ ಊರೂರು ಸುತ್ತಿ, 2025ರಲ್ಲಿ ಕೆನಡಾದ ಫ್ರೆಡರಿಕ್ಟನ್‌ಗೆ ಬಂದಿತ್ತು. ಪುರುಷರಿಗೆ ಒಂದು ಪ್ರಶಸ್ತಿ, ಮಹಿಳೆಯರಿಗೆ ಒಂದು. ವಯಸ್ಸಿನ ಷರತ್ತು ಒಂದೇ: ಹಿಂದಿನ ವರ್ಷದ ಜೂನ್ 30ಕ್ಕೆ ಆಟಗಾರರಿಗೆ 50 ತುಂಬಿರಬೇಕು.

ಮೇಲ್ಮಿತಿ ಇಲ್ಲ ಎಂಬುದೇ ಇಲ್ಲಿ ದೊಡ್ಡ ಮಾತು. ಹಿರಿಯರ ಅಥ್ಲೆಟಿಕ್ಸ್‌ನಲ್ಲಿ ಐದೈದು ವರ್ಷಕ್ಕೊಂದು ವಿಭಾಗ. ಅರವತ್ತರವರು ಅರವತ್ತರವರೊಂದಿಗೆ, ಎಂಬತ್ತರವರು ಎಂಬತ್ತರವರೊಂದಿಗೆ ಓಡುತ್ತಾರೆ. ಚಂಡೀಗಢದ ಮನ್ ಕೌರ್ 2017ರಲ್ಲಿ 101ನೆಯ ವಯಸ್ಸಿನಲ್ಲಿ ಆಕ್ಲೆಂಡಿನ ವಿಶ್ವ ಮಾಸ್ಟರ್ಸ್ ಕೂಟದ ನೂರು ಮೀಟರ್ ಓಟ ಗೆದ್ದದ್ದು ಅಂಥ ವಿಭಾಗದಲ್ಲೇ. ಅದು ಮರೆಯಲಾಗದ ಸಾಧನೆ. ಸೀನಿಯರ್ ಕರ್ಲಿಂಗ್‌ನಲ್ಲಿ ಈ ವಿಂಗಡಣೆ ಇಲ್ಲ. ಐವತ್ತೊಂದರವರೂ ಎಪ್ಪತ್ತರವರೂ ಒಂದೇ ಅಂಕಣದಲ್ಲಿ, ಒಂದೇ ಕಲ್ಲಿನಲ್ಲಿ, ಒಂದೇ ನಿಯಮದಲ್ಲಿ ಆಡಬೇಕು. ಹಾಗೆ ಆಡಲು ಹೇಗೆ ಸಾಧ್ಯ ಎಂಬುದು ತಿಳಿಯಬೇಕಾದರೆ ಆಟದ ಒಳಗೆ ಹೋಗಬೇಕು.

ಸುಮಾರು 45 ಮೀಟರ್ ಉದ್ದ, ಐದು ಮೀಟರ್ ಅಗಲದ ಮಂಜುಗಡ್ಡೆಯ ಪಟ್ಟಿ. ಎರಡೂ ತುದಿಯಲ್ಲಿ ಬಣ್ಣದ ವೃತ್ತಗಳು. ಅದಕ್ಕೆ ಹೌಸ್ ಎನ್ನುತ್ತಾರೆ. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡೆರಡು ಕಲ್ಲು. ಎರಡೂ ತಂಡ ಸರದಿಯಂತೆ ಹದಿನಾರು ಕಲ್ಲುಗಳನ್ನು ಆಚೆ ತುದಿಯ ಹೌಸ್‌ನತ್ತ ಜಾರಿಸಿ ಮುಗಿಸಿದರೆ ಒಂದು ಎಂಡ್. ಕೇಂದ್ರಕ್ಕೆ ಅತಿ ಹತ್ತಿರ ಯಾರ ಕಲ್ಲು ನಿಂತಿದೆಯೋ ಅವರಿಗಷ್ಟೇ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗೆ ತಮ್ಮವು ಎಷ್ಟಿವೆಯೋ ಅಷ್ಟು ಅಂಕ. ಸೀನಿಯರ್ ಪಂದ್ಯಕ್ಕೆ ಇಂಥ ಎಂಟು ಎಂಡ್.

ನಮ್ಮ ಗೋಲಿಯಾಟ ಬಲ್ಲವರಿಗೆ ಇದರ ಒಳಗುಟ್ಟು ಬೇಗ ಹಿಡಿಸುತ್ತದೆ. ಎದುರಿನವನ ಗೋಲಿಗೆ ಹೊಡೆದು ದೂರ ಚಿಮ್ಮಿಸುವುದು, ತನ್ನದನ್ನು ಅವನ ಕೈಗೆ ಸಿಗದ ಜಾಗದಲ್ಲಿ ಬಿಡುವುದು, ಮುಂದಿನ ಸರದಿ ಯಾರದೆಂದು ನೋಡಿಕೊಂಡು ಈಗಿನ ಹೊಡೆತ ಆರಿಸುವುದು, ಎಲ್ಲವೂ ಇಲ್ಲೂ ಇದೆ. ವ್ಯತ್ಯಾಸ ಭಾರದಲ್ಲಿ: ಕರ್ಲಿಂಗ್ ಕಲ್ಲು 17ರಿಂದ 20 ಕಿಲೋ ತೂಗುತ್ತದೆ.

ಈ ಕಲ್ಲಿನ ಕಥೆಯೇ ಸೊಗಸಾದದ್ದು. ಇಳಕಲ್ಲಿನ ಕೆಂಪು ಗ್ರಾನೈಟ್, ಚಾಮರಾಜನಗರದ ಕಪ್ಪು ಗ್ರಾನೈಟ್ ಕಂಡ ನಾಡಿನವರಿಗೆ ಯಾವ ಗ್ರಾನೈಟಾದರೂ ಆದೀತು ಅನ್ನಿಸಬಹುದು. ಆದರೆ ಒಲಿಂಪಿಕ್ಸ್‌ನ ಕಲ್ಲು ಬರುವುದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಆಚೆ, ಜನವಸತಿಯಿಲ್ಲದ, ಕಡಲಹಕ್ಕಿಗಳ ಬೀಡಾದ ಏಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದಿಂದ. ಕಲ್ಲುಗಳು ಒಂದಕ್ಕೊಂದು ಬಡಿಯುತ್ತಲೇ ಇರುವ ಆಟದಲ್ಲಿ ಪೆಟ್ಟು ತಿಂದರೂ ಸೀಳದ ಕಲ್ಲು ಬೇಕು. ಮಂಜಿನ ಮೇಲೆ ಉರುಳದೆ ಜಾರುವ ಕಲ್ಲಿನ ತಳ ನೀರು ಕುಡಿಯಬಾರದು, ಕುಡಿದರೆ ಆ ನೀರು ಒಳಗೇ ಹೆಪ್ಪುಗಟ್ಟಿ ತಳ ಚಕ್ಕೆಯೇಳುತ್ತದೆ. ಆ ದ್ವೀಪದಲ್ಲಿ ಎರಡಕ್ಕೂ ಕಲ್ಲಿದೆ. ಪೆಟ್ಟು ತಡೆಯುವ ಹಸಿರು ಛಾಯೆಯದು ಒಡಲಿಗೆ, ನೀರು ಹೀರದ ನೀಲಿ ಛಾಯೆಯದು ತಳಕ್ಕೆ. ಮಾಕ್ಲಿನ್ ಎಂಬ ಊರಿನ ಕೇಸ್ ಕಂಪನಿ 1851ರಿಂದ ಈ ಕಲ್ಲುಗಳನ್ನು ಕಡೆಯುತ್ತಿದೆ.

ಇನ್ನು ಮಂಜುಗಡ್ಡೆ. ಅದು ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಆಟಕ್ಕೆ ಮುಂಚೆ ಒಬ್ಬರು ಬೆನ್ನಿಗೆ ನೀರಿನ ಡಬ್ಬ ಕಟ್ಟಿಕೊಂಡು, ಹಿಮ್ಮುಖವಾಗಿ ನಡೆಯುತ್ತ, ಸಣ್ಣ ತೂತುಗಳ ನಳಿಕೆಯಿಂದ ಹನಿ ಚಿಮುಕಿಸುತ್ತಾರೆ. ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಮೇಲ್ಮೈಯೆಲ್ಲ ತರಿತರಿಯಾಗುತ್ತದೆ. ಕಲ್ಲಿನ ತಳವೂ ಬಟ್ಟಲಿನಂತೆ ಒಳಗೆ ಬಗ್ಗಿದ್ದು, ಅದರ ಕಿರಿದಾದ ಅಂಚಷ್ಟೇ ಈ ತರಿಗಳ ಮೇಲೆ ಓಡುತ್ತದೆ. ಕೈಬಿಡುವಾಗ ಹಿಡಿಯನ್ನು ತುಸು ತಿರುಗಿಸಿದರೆ ಕಲ್ಲು ನಿಧಾನಕ್ಕೆ ಸುತ್ತುತ್ತ ಹೋಗಿ, ಕೊನೆಕೊನೆಗೆ ವೇಗ ತಗ್ಗಿದಂತೆ ಹೆಚ್ಚುಹೆಚ್ಚು ಬಾಗುತ್ತದೆ. ಮೇಜಿನ ಮೇಲೆ ಲೋಟ ಬೋರಲು ಹಾಕಿ ಸುತ್ತಿಸಿ ಜಾರಿಸಿ ನೋಡಿ: ಬಲಕ್ಕೆ ಸುತ್ತಿದರೆ ಲೋಟ ಎಡಕ್ಕೆ ಬಾಗುತ್ತದೆ. ಕರ್ಲಿಂಗ್ ಕಲ್ಲು ಇದಕ್ಕೆ ತದ್ವಿರುದ್ಧ, ಬಲಕ್ಕೆ ಸುತ್ತಿದರೆ ಬಲಕ್ಕೇ. ಯಾಕೆ ಹೀಗೆ ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ, ಕಲ್ಲಿನ ಮುಂದಂಚು ಮಂಜಿನಲ್ಲಿ ಗೀರುಗಳನ್ನು ಎಳೆಯುತ್ತದೆ, ಹಿಂದಂಚು ಆ ಗೀರುಗಳನ್ನು ಹಿಡಿದು ಬಾಗುತ್ತದೆ ಎಂದರು. ಕೆನಡಾದ ಭೌತವಿಜ್ಞಾನಿಗಳು ಬೇರೆ ವಿವರಣೆ ಕೊಡುತ್ತಾರೆ. ವಾದ ನಡೆದೇ ಇದೆ.

ಕಲ್ಲು ಕೈಬಿಟ್ಟ ಮೇಲೂ ಆಟ ಮುಗಿಯುವುದಿಲ್ಲ. ಇಬ್ಬರು ಬ್ರಷ್ ಹಿಡಿದು ಕಲ್ಲಿನ ಮುಂದೆ ಮುಂದೆ ಓಡುತ್ತ ಮಂಜನ್ನು ಉಜ್ಜುತ್ತಾರೆ. ಉಜ್ಜಿದ ಜಾಗ ತುಸು ಬಿಸಿಯಾಗಿ ಘರ್ಷಣೆ ತಗ್ಗುತ್ತದೆ. ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತದೆ. ಆಚೆ ತುದಿಯಲ್ಲಿ ನಿಂತ ನಾಯಕ, ಅಂದರೆ ಸ್ಕಿಪ್, ದಾರಿಯ ಬಾಗು ನೋಡಿ ಉಜ್ಜಿ, ಬಿಡಿ ಎಂದು ಕೂಗುತ್ತಿರಬೇಕು. ಎಂಡ್‌ನ ಕೊನೆಯ ಕಲ್ಲಿನ ಹಕ್ಕಿಗೆ ಹ್ಯಾಮರ್ ಎನ್ನುತ್ತಾರೆ. ಅಂಕ ಗಳಿಸಿದ ತಂಡ ಮುಂದಿನ ಎಂಡ್‌ನಲ್ಲಿ ಅದನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಹಾಗಾಗಿ ಒಂದೇ ಅಂಕ ಸಿಗುವಂತಿದ್ದರೆ ಬೇಕೆಂದೇ ಅದನ್ನು ಬಿಟ್ಟು, ಎಂಡ್ ಖಾಲಿ ಹೋಗಲು ಬಿಡುವುದೂ ಉಂಟು. ಮುಂದಿನ ಎಂಡ್‌ನಲ್ಲಿ ಎರಡು ಅಂಕ ದೋಚುವ ಆಸೆಗೆ.

ವಯಸ್ಸು ಇಲ್ಲಿ ಎಲ್ಲಿ ಕಾಡುತ್ತದೆ, ಎಲ್ಲಿ ಕೈಹಿಡಿಯುತ್ತದೆ ಎಂಬುದು ಇಷ್ಟರಲ್ಲೇ ಕಾಣುತ್ತದೆ. ಉಜ್ಜುವುದು ಎದೆಗೂ ತೋಳಿಗೂ ಸಾಕುಬೇಕು ಮಾಡುವ ಕೆಲಸ. ಕಲ್ಲು ಬಿಡುವಾಗ ಒಂದು ಕಾಲನ್ನು ಹಿಂದಕ್ಕೆ ಚಾಚಿ, ಇನ್ನೊಂದರ ಮೇಲೆ ಪೂರ್ತಿ ಕುಕ್ಕರುಗಾಲಲ್ಲಿ ಜಾರಬೇಕು. ಮಂಡಿ, ಸೊಂಟಗಳಿಗೆ ಇದು ಸುಲಭವಲ್ಲ. ಆದರೆ ಬಿಡುವ ಬಿಗುವು, ಮಂಜು ಮಧ್ಯಾಹ್ನದಿಂದ ಸಂಜೆಗೆ ಹೇಗೆ ಬದಲಾಗುತ್ತದೆಂಬ ಅಂದಾಜು, ಮೂರು ಕಲ್ಲು ಮುಂದಿನ ಯೋಚನೆ, ಇವು ವರ್ಷಗಳಿಂದ ಬರುವಂಥವು. ಐವತ್ತರಲ್ಲಿ ಇವು ಕರಗುವುದಿಲ್ಲ, ಮಾಗುತ್ತವೆ. ಮಂಡಿ ಪೂರ್ತಿ ಕೈಕೊಟ್ಟವರಿಗೂ ಕ್ಲಬ್ಬುಗಳಲ್ಲಿ ದಾರಿಯಿದೆ: ಉದ್ದನೆಯ ಕೋಲನ್ನು ಕಲ್ಲಿನ ಹಿಡಿಗೆ ಸಿಕ್ಕಿಸಿ, ನಿಂತುಕೊಂಡೇ ನಡೆಯುತ್ತ ತಳ್ಳಿ ಬಿಡುವುದು. ಕೆನಡಾದಲ್ಲಿ ಇಬ್ಬಿಬ್ಬರ ತಂಡಗಳು ಈ ಕೋಲಿನಿಂದಲೇ ಆಡುವ ಪಂದ್ಯಾವಳಿಗಳೂ ಇವೆ.

ಆಟದ ಜಾಣ್ಮೆ ವಯಸ್ಸಿನೊಂದಿಗೆ ಮಾಗುತ್ತದೆ ಎಂಬ ಮಾತಿಗೆ ರಸ್ ಹೋವರ್ಡ್ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 2006ರ ಟ್ಯೂರಿನ್ ಒಲಿಂಪಿಕ್ಸ್‌ಗೆ ಹೊರಟ ಕೆನಡಾದ ಪುರುಷರ ತಂಡದ ಬ್ರ್ಯಾಡ್ ಗುಶೂ ಮತ್ತು ಸಂಗಾತಿಗಳು ಎಳೆಯರು. ಜತೆಗೆ ಅನುಭವಸ್ಥರೊಬ್ಬರು ಬೇಕೆಂದು ಅವರು ಹೋವರ್ಡ್ ಅವರನ್ನು ಕರೆದುಕೊಂಡಿದ್ದರು. ಹೋವರ್ಡ್ ಕಲ್ಲು ಬಿಡುತ್ತಿದ್ದದ್ದು ಎರಡನೆಯವರಾಗಿ. ಆದರೆ ಆಚೆ ತುದಿಯಲ್ಲಿ ನಿಂತು ಆಟ ಓದುತ್ತಿದ್ದವರು, ಯಾವ ಹೊಡೆತ ಎಂದು ಹೇಳುತ್ತಿದ್ದವರು ಅವರೇ. ಕೊನೆಯ ಕಲ್ಲು ಗುಶೂ ಕೈಯಲ್ಲಿ. ಫೆಬ್ರುವರಿ 19ರಂದು, ಕೂಟ ನಡೆಯುತ್ತಿರುವಾಗಲೇ ಹೋವರ್ಡ್‌ಗೆ 50 ತುಂಬಿತು. ಐದು ದಿನ ಕಳೆದು ಕೊರಳಿಗೆ ಚಿನ್ನ ಬಿತ್ತು. ಎಳೆಯರ ತೋಳು, ಹಿರಿಯರ ಕಣ್ಣು ಇಷ್ಟು ಚೆನ್ನಾಗಿ ಕೂಡಿದ ಒಲಿಂಪಿಕ್ ತಂಡ ಅಪರೂಪ.

ಸೀನಿಯರ್ ಚಾಂಪಿಯನ್‌ಷಿಪ್ಪಿನ ತವರು ಎಂದರೂ ಕೆನಡಾವೇ. ಅಲ್ಲಿ ಹಿರಿಯ ಪುರುಷರ ರಾಷ್ಟ್ರೀಯ ಪಂದ್ಯಾವಳಿ 1965ರಿಂದಲೂ, ಮಹಿಳೆಯರದು 1973ರಿಂದಲೂ ನಡೆದು ಬಂದಿದೆ. ಜಗತ್ತು 2002ರಲ್ಲಿ ಕಣ್ಣುಬಿಟ್ಟಾಗ ಕೆನಡಾದ ಹಿರಿಯರು ಪಳಗಿ ಕೂತಿದ್ದರು. ವಿಶ್ವ ಪ್ರಶಸ್ತಿಗಳಲ್ಲಿ ಸಿಂಹಪಾಲು ಅವರ ಪಾಲಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಸಸ್ಕಾಚವಾನ್ ಪ್ರಾಂತದ ಶೆರಿ ಆಂಡರ್ಸನ್ 2018, 2019ರಲ್ಲಿ ಸಾಲಾಗಿ ಗೆದ್ದರು.

ಆದರೆ ಕಥೆಯೆಂದರೆ ಹ್ಯಾಲಿಫ್ಯಾಕ್ಸ್‌ನ ಕಾಲೀನ್ ಜೋನ್ಸ್ ಅವರದು. 1982ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ ಕೆನಡಾ ಚಾಂಪಿಯನ್ ತಂಡದ ನಾಯಕಿ. ಆಮೇಲೆ ಹದಿನೇಳು ವರ್ಷ ಆ ಪ್ರಶಸ್ತಿ ಮತ್ತೆ ಕೈಗೆ ಸಿಗಲಿಲ್ಲ. ಅಷ್ಟರಲ್ಲಿ ಅವರು ಸಿಬಿಸಿ ಟೆಲಿವಿಷನ್‌ನಲ್ಲಿ ಹವಾಮಾನ, ಕ್ರೀಡೆ ಓದುವ ಪತ್ರಕರ್ತೆ, ಇಬ್ಬರು ಗಂಡುಮಕ್ಕಳ ತಾಯಿ. 1999ರಲ್ಲಿ ಮತ್ತೆ ಗೆದ್ದರು. 2001ರಿಂದ 2004ರವರೆಗೆ ಸತತ ನಾಲ್ಕು ಬಾರಿ ಗೆದ್ದರು. 2001 ಮತ್ತು 2004ರಲ್ಲಿ ವಿಶ್ವ ಚಾಂಪಿಯನ್ ಆದರು. ಚೂಯಿಂಗ್ ಗಮ್ ಜಗಿಯುತ್ತ ಕಲ್ಲಿನ ಮೇಲೆ ನಟ್ಟ ಅವರ ದೃಷ್ಟಿ ಟಿವಿ ನೋಡುವವರಿಗೆಲ್ಲ ಪರಿಚಿತ. ಐವತ್ತರ ಹೊಸ್ತಿಲು ದಾಟಿದ ಹೊತ್ತಿಗೆ ಮೆನಂಜೈಟಿಸ್, ಅಂದರೆ ಮಿದುಳಿನ ಪೊರೆಯ ಸೋಂಕು, ಅವರನ್ನು ಸಾವಿನ ಬಾಗಿಲಿಗೆ ತಂದು ನಿಲ್ಲಿಸಿತು. ಎದ್ದು ಬಂದವರು ಮಂಜಿನ ಅಂಕಣಕ್ಕೇ ಮರಳಿದರು. ಹಳೆಯ ಸಂಗಾತಿಗಳಾದ ಕಿಮ್ ಕೆಲ್ಲಿ, ನ್ಯಾನ್ಸಿ ಡೆಲಹಂಟ್ ಮೊದಲಾದವರ ಜತೆ 2016ರಲ್ಲಿ ಕೆನಡಾದ ಸೀನಿಯರ್ ಪ್ರಶಸ್ತಿ, 2017ರಲ್ಲಿ ಲೆತ್‌ಬ್ರಿಜ್‌ನಲ್ಲಿ ವಿಶ್ವ ಸೀನಿಯರ್ ಚಿನ್ನ. ಆಗ ಅವರಿಗೆ 57. 2025ರ ನವೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಹಳೆಯ ಒಂದು ತಂಡದ ಬದುಕು ಅರವತ್ತರ ಅಂಚಿಗೂ ಮುಂದುವರಿಯಲು ಸೀನಿಯರ್ ಟೂರ್ನಿಯೇ ಕಾರಣ. ಅದು ಇಲ್ಲದಿದ್ದರೆ ಆ ನಾಲ್ವರು ಹಳೆಯ ಫೋಟೋಗಳಲ್ಲಿ ಮಾತ್ರ ಒಟ್ಟಿಗಿರುತ್ತಿದ್ದರು.

ಇದೆಲ್ಲ ಹಿಮದ ನಾಡಿನವರ ಮಾತಾಯಿತು, ಸೂರತ್ತಿನ ಸೆಕೆಗೂ ಇದಕ್ಕೂ ಏನು ಸಂಬಂಧ ಎನ್ನುವವರು ಒಂದು ಸಂಗತಿ ಗಮನಿಸಬೇಕು. 2025ರ ಫೆಬ್ರುವರಿಯಲ್ಲಿ ಚೀನಾದ ಹಾರ್ಬಿನ್‌ನಲ್ಲಿ ನಡೆದ ಏಷ್ಯನ್ ಚಳಿಗಾಲದ ಕೂಟದಲ್ಲಿ ಪುರುಷರ ಕರ್ಲಿಂಗ್ ಚಿನ್ನ ಗೆದ್ದದ್ದು ಫಿಲಿಪ್ಪೀನ್ಸ್! ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 5–3ರಿಂದ ಮಣಿಸಿದರು. ತಂಡದಲ್ಲಿದ್ದವರಲ್ಲಿ ಹೆಚ್ಚಿನವರು ಸ್ವಿಟ್ಜರ್ಲೆಂಡಿನಲ್ಲಿ ಬೆಳೆದ ಫಿಲಿಪ್ಪೀನ್ಸ್ ಮೂಲದವರು. ಭಾರತವೂ ವಿಶ್ವ ಕರ್ಲಿಂಗ್ ಒಕ್ಕೂಟದ ಸದಸ್ಯ. 2023ರಲ್ಲಿ ಕೆನಡಾದ ಕೆಲೋನಾದಲ್ಲಿ ನಡೆದ ಪ್ಯಾನ್ ಕಾಂಟಿನೆಂಟಲ್ ಚಾಂಪಿಯನ್‌ಷಿಪ್ಪಿನ ಬಿ ವಿಭಾಗದಲ್ಲಿ ಭಾರತದ ಪುರುಷರ ತಂಡ ಕಣಕ್ಕಿಳಿದಿತ್ತು. ಸೀನಿಯರ್ ಟೂರ್ನಿಯ ಉದಾರತೆಯೆಂದರೆ, ಅಲ್ಲಿ ಅರ್ಹತಾ ಸುತ್ತಿನ ಜರಡಿ ಇಲ್ಲ. ಸದಸ್ಯ ದೇಶ ತಂಡ ಕಳಿಸಬಹುದು. ಟೊರಾಂಟೊ, ಕ್ಯಾಲ್ಗರಿಗಳಲ್ಲಿ ದಶಕಗಳಿಂದ ನೆಲೆಸಿ ಐವತ್ತು ದಾಟಿರುವ ಗುಜರಾತಿ, ಕನ್ನಡ ಕುಟುಂಬದವರಿಗೆ ಕರ್ಲಿಂಗ್ ಕ್ಲಬ್ ದೂರದ ಮಾತಲ್ಲ. ಭಾರತದ ಸೀನಿಯರ್ ತಂಡ ಹುಟ್ಟುವುದಾದರೆ ಅಂಥ ಕಡೆಯೇ ಹುಟ್ಟಬೇಕು.

ಗುಜರಾತಿನಲ್ಲಾಗಲಿ ಕರ್ನಾಟಕದಲ್ಲಾಗಲಿ ಕರ್ಲಿಂಗ್ ಅಂಕಣ ಇಲ್ಲ. ಆದರೆ ಕರ್ಲಿಂಗ್‌ನ ಹತ್ತಿರದ ಬಂಧು ಅಹಮದಾಬಾದಿಗೆ ಬರುತ್ತಿದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ, ಆ ಕೂಟದ ನೂರನೆಯ ವರ್ಷದ್ದು, ಅಹಮದಾಬಾದಿಗೆ ಸಿಕ್ಕಿದೆ. ಮೊದಲೇ ಖಚಿತವಾದ ಕ್ರೀಡೆಗಳಲ್ಲಿ ಲಾನ್ ಬೌಲ್ಸ್ ಮತ್ತು ಪ್ಯಾರಾ ಬೌಲ್ಸ್ ಸೇರಿವೆ. ಮಂಜಿನ ಬದಲು ಹುಲ್ಲು, ಕಲ್ಲಿನ ಬದಲು ಒಂದೂವರೆ ಕಿಲೋ ಆಸುಪಾಸಿನ ಚೆಂಡು, ವೃತ್ತದ ಬದಲು ಜ್ಯಾಕ್ ಎಂಬ ಪುಟ್ಟ ಬಿಳಿ ಚೆಂಡು. ಬೌಲ್ಸ್ ಚೆಂಡು ಪೂರ್ತಿ ದುಂಡಗಿರುವುದಿಲ್ಲ, ಒಂದು ಪಕ್ಕಕ್ಕೆ ಓರೆ. ಹಾಗಾಗಿ ಅದೂ ವೇಗ ತಗ್ಗಿದಂತೆ ಬಾಗುತ್ತದೆ. ಅದೇ ಲೆಕ್ಕಾಚಾರ, ಅದೇ ತಾಳ್ಮೆ.

ಹಿರಿಯರ ವಿಷಯದಲ್ಲೂ ಇದು ಕರ್ಲಿಂಗ್‌ನ ಬಂಧುವೇ. 2010ರ ದೆಹಲಿ ಕೂಟದಲ್ಲಿ ಸ್ಕಾಟ್ಲೆಂಡಿನ ವಿಲ್ಲಿ ವುಡ್ ಆಡಿದಾಗ ಅವರಿಗೆ 72. ಗಿಫರ್ಡ್ ಎಂಬ ಹಳ್ಳಿಯ ಗ್ಯಾರೇಜ್ ಮೆಕ್ಯಾನಿಕ್. 1974ರಿಂದ ಆಡುತ್ತ ಬಂದ ಅವರಿಗೆ ಅದು ಎಂಟನೆಯ ಕಾಮನ್‌ವೆಲ್ತ್ ಕೂಟ. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಕಾಟ್ಲೆಂಡಿನವರೇ ಆದ ರೋಸ್‌ಮೇರಿ ಲೆಂಟನ್ 72ರಲ್ಲಿ ಪ್ಯಾರಾ ಬೌಲ್ಸ್ ಚಿನ್ನ ಗೆದ್ದರು. ಅದೇ ಕೂಟದಲ್ಲಿ ಜಾರ್ಜ್ ಮಿಲ್ಲರ್ 75ರಲ್ಲಿ ಚಿನ್ನ ಪಡೆದು ಕಾಮನ್‌ವೆಲ್ತ್ ಇತಿಹಾಸದ ಅತಿ ಹಿರಿಯ ಚಿನ್ನ ವಿಜೇತರಾದರು. ಮಿಲ್ಲರ್ ಅವರದು ದೃಷ್ಟಿದೋಷವುಳ್ಳ ಆಟಗಾರ್ತಿ ಮೆಲನಿ ಇನ್ನೆಸ್ ಅವರ ಕಣ್ಣಾಗಿ ನಿಲ್ಲುವ ಕೆಲಸ: ಚೆಂಡು ಎಲ್ಲಿ ನಿಂತಿದೆ, ಮುಂದಿನದು ಎಷ್ಟು ಬಿಗುವಿನಲ್ಲಿ ಬರಬೇಕು ಎಂದು ಹೇಳುವುದು. ಅವರಿಗೂ ಪದಕ ಸಲ್ಲುತ್ತದೆ, ಸಲ್ಲಬೇಕಾದದ್ದೇ.

ಅದೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಭಾರತ ಮೊದಲ ಬಾರಿಗೆ ಬೌಲ್ಸ್ ಪದಕ ಕಂಡಿತು. ಆಗಸ್ಟ್ 2ರಂದು ಮಹಿಳೆಯರ ಫೋರ್ಸ್, ಅಂದರೆ ನಾಲ್ವರ ತಂಡದ, ಫೈನಲ್‌ನಲ್ಲಿ ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ದಕ್ಷಿಣ ಆಫ್ರಿಕಾವನ್ನು 17–10ರಿಂದ ಸೋಲಿಸಿದರು. ಈ ನಾಲ್ವರ ಹಿನ್ನೆಲೆ ನೋಡಿ. ಲವ್ಲಿ ಜಾರ್ಖಂಡ್ ಪೊಲೀಸ್ ಕಾನ್‌ಸ್ಟೆಬಲ್, ಮೊದಲು ಅಥ್ಲೀಟ್. ನಯನ್‌ಮೋನಿ ಅಸ್ಸಾಮಿನ ವೇಟ್‌ಲಿಫ್ಟರ್ ಆಗಿದ್ದವರು. ರೂಪಾ ರಾಂಚಿಯ ಕಬಡ್ಡಿ ಆಟಗಾರ್ತಿ. ಪಿಂಕಿ ದೆಹಲಿಯ ಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕಿ. ಲವ್ಲಿಯನ್ನೂ ನಯನ್‌ಮೋನಿಯನ್ನೂ ಬೌಲ್ಸ್‌ಗೆ ತಂದದ್ದು ಗಾಯ. ಮೊದಲ ಆಟವನ್ನು ದೇಹ ಕಿತ್ತುಕೊಂಡ ಮೇಲೆ ಎರಡನೆಯ ಆಟ ಹಿಡಿದು ಅವರು ದೇಶಕ್ಕೆ ಚಿನ್ನ ತಂದರು. ಪುರುಷರ ಫೋರ್ಸ್ ತಂಡವೂ ಬೆಳ್ಳಿಯೊಂದಿಗೆ ಮರಳಿತು.

ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ ಶುರುವಾದ ರಾಷ್ಟ್ರೀಯ ಕ್ರೀಡಾಕೂಟವನ್ನು ಗುಜರಾತ್ ಅಹಮದಾಬಾದ್, ಸೂರತ್, ವಡೋದರಾ ಸೇರಿ ಆರು ಊರುಗಳಲ್ಲಿ ನಡೆಸಿದಾಗ ಬೌಲ್ಸ್ ಆ ಪಟ್ಟಿಯಲ್ಲೂ ಇತ್ತು. ಈಗ 2030ಕ್ಕೆಂದು ಅಹಮದಾಬಾದ್ ಸಜ್ಜಾಗುತ್ತಿದೆ. ಈಜುಕೊಳ, ಓಟದ ಟ್ರ್ಯಾಕ್‌ಗಳಿಗೆ ಎಳೆಯರು ತಾವಾಗಿಯೇ ಬರುತ್ತಾರೆ. ಬೌಲ್ಸ್‌ನ ಹಸಿರು ಅಂಕಣಕ್ಕೆ ಬರಬೇಕಾದವರು ಮಣಿನಗರದ ನಿವೃತ್ತ ಬ್ಯಾಂಕ್ ನೌಕರರು, ಸಚಿನ್‌ನ ಗಿರಣಿಗಳಿಂದ 58ಕ್ಕೆ ಹೊರಬಂದವರು, ಮಕ್ಕಳ ಕೆಲಸದ ನೆಪದಲ್ಲಿ ಹುಬ್ಬಳ್ಳಿ, ಬೆಳಗಾವಿಗಳಿಂದ ಬಂದು ವಡೋದರಾದ ಫ್ಲ್ಯಾಟುಗಳಲ್ಲಿ ಹೊತ್ತು ಕಳೆಯುವ ಹಿರಿಯರು. ಅವರಿಗೆ ಬೇಕಾದದ್ದು ಬೆಳಗಿನ ಎರಡು ತಾಸು ತೆರೆದ ಗೇಟು, ಬಾಡಿಗೆಗೆ ಸಿಗುವ ಒಂದು ಜೊತೆ ಚೆಂಡು, ಕಲಿಸುವ ಒಬ್ಬರು, ವಾರಕ್ಕೊಂದು ಪಂದ್ಯ. ಅಂಕಣ ಕಟ್ಟುವ ಕಾಗದಪತ್ರದಲ್ಲೇ ಇದನ್ನು ಬರೆದಿಟ್ಟರೆ ಕೂಟ ಮುಗಿದ ಮೇಲೆ ಬೀಗ ಬೀಳುವುದಿಲ್ಲ. ಕೆನಡಾ ಹಿರಿಯ ಆಟಗಾರರಿಗೆ 1965ರಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇಷ್ಟೇ: ಇದ್ದ ಅಂಕಣಗಳಲ್ಲೇ ಅವರಿಗೆಂದು ಒಂದು ಪಂದ್ಯಾವಳಿ, ಒಂದು ಕಪ್.